ಗಿಜಿಗುಡುವ ನಗರದ ನಡುಭಾಗದಲ್ಲಿ ಗುರುತು, ಬಸ್ಸು, ಮೆಟ್ರೊ ಹುಡುಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹೊಸ ಊರಿನ ನಡುಭಾಗದಲ್ಲಿ ಜನ ದಾರಿ ತಪ್ಪುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ಬೀದಿಗೆ ಬಂದ ಕೂಡಲೇ. ನೆಲದ ಕೆಳಗೆ ಎರಡು ಮೂರು ಸಲ ತಿರುಗಿ ಬಂದಿರುತ್ತೀರಿ, ಯಾವ ಕಡೆ ಮುಖ ಮಾಡಿದ್ದೀರಿ ಅನ್ನುವುದೇ ಗೊತ್ತಿರುವುದಿಲ್ಲ, ಸುತ್ತ ಎತ್ತರದ ಕಟ್ಟಡ, ಹಿಂದಿನಿಂದ ಜನ ತಳ್ಳುತ್ತಿರುತ್ತಾರೆ, ಮೊಬೈಲ್‌ನ ನೀಲಿ ಚುಕ್ಕೆ ರಸ್ತೆಯ ಆ ಬದಿಗೂ ಈ ಬದಿಗೂ ಜಿಗಿಯುತ್ತಿರುತ್ತದೆ. ಅಲ್ಲಿ ತಪ್ಪು ದಿಕ್ಕಿಗೆ ಹೊರಟರೆ ಎಷ್ಟು ಬೇಗ ನಡೆದರೆ ಅಷ್ಟು ದೂರವಾಗುತ್ತೀರಿ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಆ ಮೊದಲ ಐವತ್ತು ಹೆಜ್ಜೆಯ ಬಗ್ಗೆಯೇ ಇದೆ. ಅದೊಂದು ಸರಿಹೋದರೆ ಮುಂದಿನ ದಾರಿ ಬಹಳ ಸಲೀಸು.

ಹೊರಡುವ ಮೊದಲು, ಕೂತಲ್ಲೇ ಹತ್ತು ನಿಮಿಷ

ಮ್ಯಾಪ್ ತೆರೆದ ತಕ್ಷಣ ನಾವೆಲ್ಲ ಹೋಗಬೇಕಾದ ಜಾಗದ ಹೆಸರು ಹಾಕಿ ಹುಡುಕುತ್ತೇವೆ. ಅದನ್ನು ಸ್ವಲ್ಪ ತಡೆಯಿರಿ. ಮೊದಲು ಆ ಪ್ರದೇಶ ಪೂರ್ತಿ ಕಾಣುವಷ್ಟು ಮ್ಯಾಪನ್ನು ಚಿಕ್ಕದು ಮಾಡಿ, ಮೂರೇ ಮೂರು ವಿಷಯ ಹುಡುಕಿ. ಒಂದು, ಆ ಭಾಗವನ್ನು ಸೀಳಿಕೊಂಡು ಹೋಗುವ ಉದ್ದನೆಯ ಮುಖ್ಯರಸ್ತೆ. ಎರಡು, ದಾಟಲು ಸುಲಭವಲ್ಲದ ಏನಾದರೂ ಒಂದು: ನದಿ, ರೈಲು ಹಳಿ, ದೊಡ್ಡ ಪಾರ್ಕು, ಎತ್ತರದ ಫ್ಲೈಓವರ್. ಮೂರು, ನೀವು ಇಳಿಯುವ ನಿಲ್ದಾಣ. ಗೋಡೆಗೆ ಮೂರು ಮೊಳೆ ಹೊಡೆದ ಹಾಗೆ ಇವು ಮನಸ್ಸಿನಲ್ಲಿ ಕೂತರೆ ಮಿಕ್ಕಿದ್ದನ್ನೆಲ್ಲ ಅವಕ್ಕೆ ತಗುಲಿ ಹಾಕಬಹುದು.

ಈಗ ಜಾಗ ಹುಡುಕಿ. ಸಿಕ್ಕ ಮೇಲೆ ಅದನ್ನು ಒಂದೇ ವಾಕ್ಯದಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಿ: "ನಿಲ್ದಾಣದ ಪೂರ್ವಕ್ಕೆ, ಮುಖ್ಯರಸ್ತೆಗೂ ನದಿಗೂ ನಡುವೆ, ಮೂರನೇ ಅಡ್ಡರಸ್ತೆ." ಮೊಬೈಲ್ ಕೈಕೊಟ್ಟಾಗ ಈ ಒಂದು ವಾಕ್ಯ ನಿಮ್ಮನ್ನು ಅಲ್ಲಿಗೆ ಮುಟ್ಟಿಸುತ್ತದೆ. "ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ" ಅಂತ ಬಾಯಿಪಾಠ ಮಾಡಿದ್ದು ಮುಟ್ಟಿಸುವುದಿಲ್ಲ, ಯಾಕೆಂದರೆ ಅದರಲ್ಲಿ ಒಂದು ತಿರುವು ತಪ್ಪಿದರೆ ಉಳಿದದ್ದೆಲ್ಲ ಕೆಲಸಕ್ಕೆ ಬಾರದು.

ಪಿನ್ ಎಲ್ಲಿ ಬಿದ್ದಿದೆ ಅಂತ ನೋಡುವುದನ್ನು ಮರೆಯಬೇಡಿ. ಆಸ್ಪತ್ರೆ, ಕೋರ್ಟು, ಮಾಲ್ ಥರದ ದೊಡ್ಡ ಕಟ್ಟಡಗಳಲ್ಲಿ ಪಿನ್ ಬಹಳ ಸಲ ಕಟ್ಟಡದ ನಟ್ಟನಡುವೆ ಇರುತ್ತದೆ, ಒಳಗೆ ಹೋಗುವ ಗೇಟು ಹಿಂದಿನ ರಸ್ತೆಯಲ್ಲಿರುತ್ತದೆ. ಬೀದಿ ಮಟ್ಟದ ಫೋಟೋಗಳಿದ್ದರೆ ಗೇಟು ಯಾವ ರಸ್ತೆಗೆ ತೆರೆಯುತ್ತದೆ ಅಂತ ನೋಡಿಕೊಳ್ಳಿ. ಆ ಫೋಟೋ ಯಾವ ವರ್ಷದ್ದು ಅನ್ನುವುದನ್ನೂ ನೋಡಿ, ನಗರದ ನಡುಭಾಗ ಬೇಗ ಬದಲಾಗುತ್ತದೆ. ಯಾರನ್ನಾದರೂ ಭೇಟಿಯಾಗಲು ಹೊರಟಿದ್ದರೆ ವಿಳಾಸದ ಜೊತೆ ಪ್ಲಸ್ ಕೋಡ್ ಕೇಳಿ. ಗೂಗಲ್ 2014ರಲ್ಲಿ ಶುರು ಮಾಡಿದ ಈ ಕೋಡ್ ಸುಮಾರು 14 ಮೀಟರ್ ಉದ್ದಗಲದ ಚೌಕವನ್ನು ತೋರಿಸುತ್ತದೆ. ಗೇಟನ್ನೇ ಗುರುತಿಸಲು ಅಷ್ಟು ಸಾಕು.

ಹೆಸರುಗಳ ಬಗ್ಗೆಯೂ ಎಚ್ಚರವಿರಲಿ. ಲಂಡನ್‌ನಲ್ಲಿ ಎಡ್ಜ್‌ವೇರ್ ರೋಡ್ ಅನ್ನುವ ಹೆಸರಿನ ಎರಡು ಬೇರೆ ಬೇರೆ ಅಂಡರ್‌ಗ್ರೌಂಡ್ ನಿಲ್ದಾಣಗಳಿವೆ, ಒಂದರಿಂದ ಇನ್ನೊಂದಕ್ಕೆ ಬೀದಿಗೆ ಬಂದೇ ನಡೆಯಬೇಕು. ಅದೇ ಊರಿನಲ್ಲಿ ಬ್ಯಾಂಕ್ ಮತ್ತು ಮಾನ್ಯುಮೆಂಟ್ ಅನ್ನುವ ಬೇರೆ ಹೆಸರಿನ ನಿಲ್ದಾಣಗಳು ಒಳಗೊಳಗೇ ಕೂಡಿಕೊಂಡಿವೆ. ಅಟ್ಲಾಂಟಾದಲ್ಲಿ ಪೀಚ್‌ಟ್ರೀ ಅಂತ ಹೆಸರಿರುವ ರಸ್ತೆಗಳು ಹಲವಾರು. ಹೆಸರಿನ ಕೊನೆಯಲ್ಲಿ ಬರುವ ರೋಡ್, ಸ್ಟ್ರೀಟ್, ಕ್ರಾಸ್, ಈಸ್ಟ್, ವೆಸ್ಟ್ ಇವನ್ನೆಲ್ಲ ಪೂರ್ತಿ ಬರೆದಿಟ್ಟುಕೊಳ್ಳಿ.

ಇನ್ನು ಇಂಟರ್ನೆಟ್. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಎಲ್ಲ ಆಯಿತು ಅಂದುಕೊಳ್ಳಬೇಡಿ. ಅದು ನೆಟ್ ಇಲ್ಲದಾಗ ಗಾಡಿ ಓಡಿಸುವವರಿಗೆ ದಾರಿ ಹೇಳುತ್ತದೆಯೇ ಹೊರತು ನಡೆಯುವ ದಾರಿ, ಬಸ್ಸು, ರೈಲು ಹೇಳುವುದಿಲ್ಲ. ನಡೆಯುವ ದಾರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆ್ಯಪ್ ಹಾಕಿಕೊಳ್ಳಿ, ಅದು ನೆಟ್ ಇಲ್ಲದೆಯೂ ನಡೆಯುವ ದಾರಿ ತೋರಿಸುತ್ತದೆ. ಜೊತೆಗೆ ಸ್ಕ್ರೀನ್‌ಶಾಟ್ ತೆಗೆದಿಡಿ: ಇಡೀ ಪ್ರದೇಶದ್ದೊಂದು, ನಿಲ್ದಾಣದ ಬಾಗಿಲಿನಿಂದ ಮೊದಲ ತಿರುವಿನವರೆಗೆ ಹತ್ತಿರದಿಂದ ಒಂದು, ವಾಪಸ್ ಬರುವ ಬಸ್ ಸ್ಟಾಪಿನದ್ದೊಂದು.

ಯಾವ ಎಕ್ಸಿಟ್?

ನಿಲ್ದಾಣ ಯಾವುದು ಅನ್ನುವಷ್ಟೇ ಮುಖ್ಯ, ಅದರ ಯಾವ ಬಾಗಿಲು ಅನ್ನುವುದು. ಟೋಕಿಯೊದ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. ಅಲ್ಲಿ "ಶಿಂಜುಕುವಿನಲ್ಲಿ ಇಳಿ" ಅಂತ ಮಾತ್ರ ಹೇಳಿದರೆ ಏನೂ ಹೇಳಿದ ಹಾಗಾಗಲಿಲ್ಲ. ಅಷ್ಟು ದೊಡ್ಡದಲ್ಲದ ನಿಲ್ದಾಣದಲ್ಲೂ ನಾಲ್ಕು ಬಾಗಿಲಿದ್ದರೆ ನಾಲ್ಕೂ ಒಂದು ದೊಡ್ಡ ಸರ್ಕಲ್ಲಿನ ನಾಲ್ಕು ಮೂಲೆಗೆ ತೆರೆದುಕೊಳ್ಳಬಹುದು, ತಪ್ಪು ಮೂಲೆಗೆ ಬಂದರೆ ಎರಡು ಸಿಗ್ನಲ್ ದಾಟಬೇಕು.

ಆರಿಸುವಾಗ ನನ್ನ ನಿಯಮ ಸರಳ. ದೂರ ಕಡಿಮೆ ಇರುವ ಬಾಗಿಲಿಗಿಂತ, ಮುಖ್ಯರಸ್ತೆ ದಾಟುವ ಕೆಲಸ ಉಳಿಸುವ ಬಾಗಿಲು ಒಳ್ಳೆಯದು. ನೂರು ಮೀಟರ್ ಜಾಸ್ತಿ ನಡೆದರೂ ಪರವಾಗಿಲ್ಲ, ರಸ್ತೆಯನ್ನು ನೆಲದ ಕೆಳಗೇ ದಾಟಿಬಿಡಿ.

ಪ್ಲಾಟ್‌ಫಾರಂನಲ್ಲಿ ಇಳಿದ ಮೇಲೆ ಜನರ ಹಿಂದೆ ಸುಮ್ನೆ ಹೋಗಬೇಡಿ. ಹೆಚ್ಚಿನ ನಿಲ್ದಾಣಗಳಲ್ಲಿ ಟಿಕೆಟ್ ಗೇಟಿನ ಹತ್ತಿರ ಸುತ್ತಲಿನ ಪ್ರದೇಶದ ಮ್ಯಾಪ್ ಇರುತ್ತದೆ, ಯಾವ ಬಾಗಿಲಿನಿಂದ ಏನು ಸಿಗುತ್ತದೆ ಅನ್ನುವ ಪಟ್ಟಿಯೂ ಇರುತ್ತದೆ. ಅದನ್ನು ಗೇಟು ದಾಟುವ ಮೊದಲೇ ಓದಿ. ಕೆಲವು ನಿಲ್ದಾಣಗಳಲ್ಲಿ ಒಂದು ಗೇಟಿನಿಂದ ಹೊರಗೆ ಬಂದರೆ ಇನ್ನೊಂದು ಕಡೆಯ ಬಾಗಿಲುಗಳಿಗೆ ಒಳಗಿನಿಂದ ದಾರಿಯೇ ಇರುವುದಿಲ್ಲ. ಬಾಗಿಲಿಗೆ ಅಕ್ಷರ, ಸಂಖ್ಯೆ ಇರುವ ಊರುಗಳಲ್ಲಿ, ಹಾಂಗ್‌ಕಾಂಗ್‌ನ ಎ1, ಬಿ2 ಥರ, ಅದನ್ನು ವಿಳಾಸದ ಭಾಗವೆಂದೇ ತಿಳಿದು ಬರೆದುಕೊಳ್ಳಿ.

ಗಾಲಿಕುರ್ಚಿ, ಮಗುವಿನ ಗಾಡಿ, ಭಾರದ ಲಗೇಜ್ ಇದ್ದರೆ ಲೆಕ್ಕ ಬೇರೆ. ಎಷ್ಟೋ ನಿಲ್ದಾಣಗಳಲ್ಲಿ ಬೀದಿಯವರೆಗೆ ಬರುವ ಲಿಫ್ಟ್ ಒಂದೇ ಒಂದು ಬಾಗಿಲಿನಲ್ಲಿರುತ್ತದೆ. ಆಗ ಲಿಫ್ಟ್ ಇರುವ ಬಾಗಿಲೇ ನಿಮ್ಮ ಬಾಗಿಲು, ದಾರಿಯ ಯೋಜನೆ ಅಲ್ಲಿಂದಲೇ ಶುರುವಾಗಬೇಕು.

ಮೊದಲ ಐವತ್ತು ಹೆಜ್ಜೆ

ಹೊರಗೆ ಬಂದಿರಿ. ಈಗ ನಡೆಯಬೇಡಿ. ಮೆಟ್ಟಿಲಿನ ಬಾಯಿ ಬಿಟ್ಟು ಪಕ್ಕದ ಗೋಡೆಗೋ ಕಂಬಕ್ಕೋ ಒರಗಿ ನಿಲ್ಲಿ. ಜನರಿಗೆ ಅಡ್ಡವಾಗುವುದಿಲ್ಲ, ಮೊಬೈಲ್ ಕಿತ್ತುಕೊಂಡು ಓಡುವವರಿಗೂ ಸುಲಭವಾಗಿ ಸಿಗುವುದಿಲ್ಲ.

ನೀಲಿ ಚುಕ್ಕೆಯನ್ನು ನಂಬುವ ಮೊದಲು ಅದು ಹೇಗೆ ಬರುತ್ತದೆ ಅಂತ ತಿಳಿದಿರಬೇಕು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಸಿಗ್ನಲ್ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರ ಮೇಲೆ ಮೊಬೈಲ್ ದೂರ ಲೆಕ್ಕ ಹಾಕುತ್ತದೆ. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ ಮೊಬೈಲಿನ ಲೆಕ್ಕ ಸಾಮಾನ್ಯವಾಗಿ 5 ಮೀಟರ್ ಒಳಗೆ ಸರಿ ಇರುತ್ತದೆ. ಎತ್ತರದ ಕಟ್ಟಡಗಳ ನಡುವೆ ಹಾಗಲ್ಲ. ಸಿಗ್ನಲ್ ಗಾಜಿಗೆ, ಗೋಡೆಗೆ ಬಡಿದು ಸುತ್ತಿ ಬರುತ್ತದೆ, ಬಂದ ದಾರಿ ಉದ್ದವಾದ್ದರಿಂದ ಲೆಕ್ಕ ತಪ್ಪುತ್ತದೆ, ಚುಕ್ಕೆ ಎದುರು ಫುಟ್‌ಪಾತಿಗೋ ಪಕ್ಕದ ಬೀದಿಗೋ ಹಾರುತ್ತದೆ. ಇದರ ಮೇಲೆ, ನೀವು ಈಗಷ್ಟೇ ನೆಲದೊಳಗಿಂದ ಬಂದಿದ್ದೀರಿ, ಮೊಬೈಲಿಗೆ ಹೊಸದಾಗಿ ಉಪಗ್ರಹ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಚುಕ್ಕೆಯ ಸುತ್ತ ತೆಳು ನೀಲಿ ವೃತ್ತ ಕಾಣುತ್ತದಲ್ವಾ, ನೀವು ಅದರೊಳಗೆ ಎಲ್ಲಾದರೂ ಇರಬಹುದು ಅಂತ ಅದರ ಅರ್ಥ. ವೃತ್ತ ಚಿಕ್ಕದಾಗುವವರೆಗೆ ಕಾಯಿರಿ.

ಚುಕ್ಕೆ ಎಲ್ಲಿದೆ ಅನ್ನುವುದು ಒಂದು, ನೀವು ಯಾವ ಕಡೆ ನೋಡುತ್ತಿದ್ದೀರಿ ಅನ್ನುವುದು ಇನ್ನೊಂದು. ನಿಂತಲ್ಲೇ ನಿಂತಿದ್ದಾಗ ದಿಕ್ಕು ಹೇಳುವುದು ಮೊಬೈಲಿನೊಳಗಿನ ದಿಕ್ಸೂಚಿ. ಹತ್ತಿರದ ಕಬ್ಬಿಣ, ನಿಂತ ಕಾರು, ಅಯಸ್ಕಾಂತ ಇರುವ ಮೊಬೈಲ್ ಕವರ್ ಎಲ್ಲವೂ ಅದನ್ನು ಕೆಡಿಸುತ್ತವೆ. ಚುಕ್ಕೆಯಿಂದ ಹೊರಡುವ ಬೆಳಕಿನ ಕಿರಣ ಅಗಲವಾಗಿದ್ದರೆ ದಿಕ್ಕು ಖಚಿತವಿಲ್ಲ ಅಂತ. ಮೊಬೈಲನ್ನು ಗಾಳಿಯಲ್ಲಿ ಇಂಗ್ಲಿಷಿನ 8 ಬರೆದ ಹಾಗೆ ಕೆಲವು ಸಲ ತಿರುಗಿಸಿ, ಕಿರಣ ತೆಳ್ಳಗಾಗುತ್ತದೆ. ಕ್ಯಾಮೆರಾ ತೋರಿಸಿ ದಿಕ್ಕು ಹಿಡಿಯುವ ಸೌಲಭ್ಯ ಆ ಊರಿನಲ್ಲಿ ಸಿಗುವುದಾದರೆ ಅದು ಇನ್ನೂ ವಾಸಿ, ಯಾಕೆಂದರೆ ಅದು ಎದುರಿನ ಕಟ್ಟಡಗಳನ್ನೇ ಹಳೆಯ ಬೀದಿ ಫೋಟೋಗಳ ಜೊತೆ ಹೋಲಿಸಿ ನೋಡುತ್ತದೆ.

ಆದರೆ ನನಗೆ ಇವೆಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಬೀದಿ ಮೂಲೆಯ ಬೋರ್ಡಿನ ಮೇಲೆ. ಹತ್ತಿರದ ಮೂಲೆಗೆ ಹೋಗಿ, ಅಲ್ಲಿ ಕೂಡುವ ಎರಡೂ ರಸ್ತೆಗಳ ಹೆಸರು ಓದಿ. ಒಂದು ರಸ್ತೆಯ ಹೆಸರು ಗೊತ್ತಾದರೆ ನೀವು ಒಂದು ಗೆರೆಯ ಮೇಲೆ ಎಲ್ಲೋ ಇದ್ದೀರಿ ಅಂತಷ್ಟೇ ಆಯಿತು, ಎರಡು ಗೊತ್ತಾದರೆ ಒಂದೇ ಬಿಂದು. ಮ್ಯಾಪಿನಲ್ಲಿ ಆ ಮೂಲೆ ಹುಡುಕಿ, ಎರಡು ರಸ್ತೆಗಳು ಕಣ್ಣೆದುರಿನ ರಸ್ತೆಗಳ ನೇರಕ್ಕೆ ಬರುವ ಹಾಗೆ ಮ್ಯಾಪನ್ನು ತಿರುಗಿಸಿ. ಇದಕ್ಕೆ ಉಪಗ್ರಹ ಬೇಕಿಲ್ಲ, ದಿಕ್ಸೂಚಿ ಬೇಕಿಲ್ಲ.

ಆಮೇಲೆ ಕಟ್ಟಡದ ನಂಬರ್. ಅಕ್ಕಪಕ್ಕದ ಎರಡು ಬಾಗಿಲು ನೋಡಿದರೆ ಸಂಖ್ಯೆ ಯಾವ ಕಡೆಗೆ ಏರುತ್ತದೆ ಅಂತ ಗೊತ್ತಾಗುತ್ತದೆ. ಬಹಳ ಊರುಗಳಲ್ಲಿ ಒಂದು ಬದಿ ಬೆಸ, ಇನ್ನೊಂದು ಬದಿ ಸಮ. ಎಲ್ಲಿಂದ ಎಣಿಸಲು ಶುರು ಮಾಡಿದ್ದಾರೆ ಅನ್ನುವುದು ಊರಿಂದ ಊರಿಗೆ ಬೇರೆ, ಅದನ್ನು ತಿಳಿದುಕೊಂಡರೆ ಊರೇ ದಿಕ್ಸೂಚಿಯಾಗುತ್ತದೆ. ಪ್ಯಾರಿಸ್‌ನಲ್ಲಿ ನದಿಯಿಂದ ದೂರ ಹೋಗುವ ಬೀದಿಗಳ ಸಂಖ್ಯೆ ಸೆನ್ ನದಿಯ ಕಡೆಯಿಂದ ಏರುತ್ತದೆ, ನದಿಯ ಜೊತೆಜೊತೆಗೆ ಹೋಗುವ ಬೀದಿಗಳಲ್ಲಿ ನೀರು ಹರಿಯುವ ದಿಕ್ಕಿನಲ್ಲಿ ಏರುತ್ತದೆ. ಶಿಕಾಗೊದಲ್ಲಿ ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಮೂಲೆಯೇ ಸೊನ್ನೆ, ನಾಲ್ಕೂ ದಿಕ್ಕಿಗೆ ಸಂಖ್ಯೆ ಅಲ್ಲಿಂದ ಹೊರಡುತ್ತದೆ. ಮ್ಯಾನ್‌ಹಟನ್‌ನಲ್ಲಿ ಅಡ್ಡಬೀದಿಗಳನ್ನು ಪೂರ್ವ, ಪಶ್ಚಿಮ ಅಂತ ಭಾಗ ಮಾಡುವುದು ಫಿಫ್ತ್ ಅವೆನ್ಯೂ. ಟೋಕಿಯೊದಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ, ಸಂಖ್ಯೆ ಕೊಡುವುದು ಬ್ಲಾಕಿಗೆ.

ಬೋರ್ಡೂ ಇಲ್ಲ, ಸಂಖ್ಯೆಯೂ ಇಲ್ಲವೆಂದರೆ ಸೂರ್ಯನಿದ್ದಾನೆ. ಬೆಳಗ್ಗೆ ಪೂರ್ವದ ಕಡೆ, ಸಂಜೆ ಪಶ್ಚಿಮದ ಕಡೆ, ಒರಟು ಲೆಕ್ಕಕ್ಕೆ ಸಾಕು. ಮಧ್ಯಾಹ್ನದ ಸೂರ್ಯನನ್ನು ನಂಬುವಾಗ ಮಾತ್ರ ನೀವು ಭೂಮಿಯ ಯಾವ ಭಾಗದಲ್ಲಿದ್ದೀರಿ ಅಂತ ನೆನಪಿರಲಿ: ಕರ್ಕಾಟಕ ವೃತ್ತದ ಉತ್ತರಕ್ಕೆ ಅವನು ಯಾವಾಗಲೂ ದಕ್ಷಿಣದಲ್ಲಿ, ಮಕರ ವೃತ್ತದ ದಕ್ಷಿಣಕ್ಕೆ ಉತ್ತರದಲ್ಲಿ, ನಡುವಿನ ಊರುಗಳಲ್ಲಿ ತಿಂಗಳಿಗೆ ತಕ್ಕ ಹಾಗೆ.

ಬೀದಿಯಲ್ಲಿ ನಿಲ್ಲಿಸಿದ ಮ್ಯಾಪ್ ಫಲಕ ಓದುವಾಗ ಮೇಲ್ಭಾಗ ಉತ್ತರವೇ ಅಂತ ತಿಳಿಯಬೇಡಿ. ಲಂಡನ್‌ನ ಬೀದಿ ಫಲಕಗಳಲ್ಲಿ ನೀವು ಯಾವ ಕಡೆ ಮುಖ ಮಾಡಿ ನಿಂತಿದ್ದೀರೋ ಅದೇ ಮೇಲಿರುತ್ತದೆ. ಅದೇ ಫಲಕದಲ್ಲಿ ಐದು ನಿಮಿಷದಲ್ಲಿ ಎಲ್ಲಿಯವರೆಗೆ ನಡೆಯಬಹುದು ಅನ್ನುವ ವೃತ್ತವೂ ಇರುತ್ತದೆ. ಬಹಳ ಉಪಯೋಗದ ಫಲಕ ಅದು, ಎಲ್ಲ ಊರಿನಲ್ಲೂ ಇರಬೇಕಿತ್ತು ಅನಿಸುತ್ತದೆ.

ದಿಕ್ಕು ಗೊತ್ತಾಯಿತು ಅನಿಸಿದ ಮೇಲೆ ಐವತ್ತು ಹೆಜ್ಜೆ ನಡೆದು ಮತ್ತೆ ಚುಕ್ಕೆ ನೋಡಿ. ನೀವು ಅಂದುಕೊಂಡ ಕಡೆಗೇ ಅದು ಸರಿದಿದ್ದರೆ ಮುಂದೆ ಹೋಗಿ. ಇಲ್ಲವಾದರೆ ವಾಪಸ್ ತಿರುಗಿ, ಹೋಗಿದ್ದು ಅರ್ಧ ನಿಮಿಷ ಮಾತ್ರ.

ದಾರಿಗೆ ಗುರುತು ಆರಿಸುವುದು

ಗುರುತುಗಳಲ್ಲಿ ಎರಡು ಥರ, ಎರಡಕ್ಕೂ ಬೇರೆ ಬೇರೆ ಕೆಲಸ. ದೂರದಿಂದ ಕಾಣುವ ಗೋಪುರ, ಎತ್ತರದ ಕಟ್ಟಡ ಇವು ದಿಕ್ಕು ಹೇಳುತ್ತವೆ, ಆದರೆ ಎಲ್ಲಿ ತಿರುಗಬೇಕು ಅಂತ ಹೇಳುವುದಿಲ್ಲ. ಹತ್ತಿರ ಹೋದಷ್ಟೂ ಎದುರಿನ ಕಟ್ಟಡಗಳ ಹಿಂದೆ ಅವು ಮರೆಯಾಗಿಬಿಡುತ್ತವೆ. ತಿರುವು ಹೇಳಲು ಆ ತಿರುವಿನಲ್ಲೇ ನಿಂತಿರುವ ಗುರುತು ಬೇಕು: ಮೂಲೆಯ ಪ್ರತಿಮೆ, ಮಸೀದಿ, ಚರ್ಚು, ಗಡಿಯಾರ ಗೋಪುರ, ಪೆಟ್ರೋಲ್ ಬಂಕ್, ಪೊಲೀಸ್ ಠಾಣೆ. ಅಂಗಡಿಯ ಹೆಸರು, ಜಾಹೀರಾತು ಫಲಕ, ಕೆಲಸ ನಡೆಯುತ್ತಿರುವ ಕಟ್ಟಡದ ಹಸಿರು ಬಟ್ಟೆ ಇವನ್ನು ಗುರುತು ಮಾಡಿಕೊಳ್ಳಬೇಡಿ. ಒಂದೇ ಕಂಪನಿಯ ಕಾಫಿ ಅಂಗಡಿ ಮೂರು ಮೂಲೆಯಲ್ಲಿರಬಹುದು.

ಕಾಡಿನಲ್ಲಿ ಮ್ಯಾಪ್ ಹಿಡಿದು ಓಡುವ ಓರಿಯೆಂಟಿಯರಿಂಗ್ ಆಟದವರಿಂದ ಎರಡು ಉಪಾಯ ನಗರಕ್ಕೂ ತರಬಹುದು. ಒಂದು, ತಡೆಗುರುತು. ಹೋಗಬೇಕಾದ ಜಾಗ ದಾಟಿದ ಮೇಲೆ ಏನು ಸಿಗುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. "ರೈಲು ಸೇತುವೆ ಕಂಡರೆ ನಾನು ಮುಂದೆ ಬಂದುಬಿಟ್ಟಿದ್ದೇನೆ" ಅಂತ ಗೊತ್ತಿದ್ದರೆ ತಪ್ಪಿ ನಡೆದರೂ ಒಂದು ಮಿತಿ ಇರುತ್ತದೆ. ಇನ್ನೊಂದು, ಬೇಕೆಂದೇ ಒಂದು ಬದಿಗೆ ಸರಿದು ಹೋಗುವುದು. ಅಡ್ಡ ಬರುವ ರಸ್ತೆಯಲ್ಲಿ ಎಲ್ಲೋ ಒಂದು ಸಣ್ಣ ಬಾಗಿಲು ಹುಡುಕಬೇಕಿದೆ ಅನ್ನಿ. ನೇರ ಅದಕ್ಕೇ ಗುರಿ ಇಟ್ಟರೆ, ಆ ರಸ್ತೆ ತಲುಪಿದಾಗ ಬಾಗಿಲು ಕಾಣದಿದ್ದರೆ ಎಡಕ್ಕೋ ಬಲಕ್ಕೋ ತಿಳಿಯುವುದಿಲ್ಲ. ಮೊದಲೇ ಸ್ವಲ್ಪ ಎಡಕ್ಕೆ ಸರಿದು ಆ ರಸ್ತೆ ಸೇರಿದರೆ ಬಾಗಿಲು ಬಲಕ್ಕೇ ಇರಬೇಕು, ಅನುಮಾನವೇ ಇಲ್ಲ.

ಪ್ರತಿ ತಿರುವಿನಲ್ಲಿ ಒಮ್ಮೆ ಹಿಂದೆ ತಿರುಗಿ ನೋಡಿ. ವಾಪಸ್ ಬರುವಾಗ ಕಾಣುವ ಬೀದಿ ಅದೇ, ಹೋಗುವಾಗ ಕಂಡದ್ದಲ್ಲ.

ಮಹಡಿಗಳ ಬಗ್ಗೆ ಮ್ಯಾಪ್ ಸರಿಯಾಗಿ ಹೇಳುವುದಿಲ್ಲ. ಶಿಕಾಗೊದ ವ್ಯಾಕರ್ ಡ್ರೈವ್ ಒಂದರ ಮೇಲೊಂದು ರಸ್ತೆ, ಕೆಳಗಿನದರಲ್ಲಿ ಜಿಪಿಎಸ್ ಕೆಲಸ ಮಾಡುವುದೇ ಕಷ್ಟ. ಹಾಂಗ್‌ಕಾಂಗ್‌ನ ನಡುಭಾಗದಲ್ಲಿ ಜನ ಎಷ್ಟೋ ದೂರ ಮೇಲುಸೇತುವೆಯಲ್ಲೇ ನಡೆಯುತ್ತಾರೆ. ಟೊರೊಂಟೊದ ಪಾತ್ ಅನ್ನುವ ನೆಲದಡಿಯ ನಡೆದಾರಿ ಒಟ್ಟು 30 ಕಿಲೋಮೀಟರಿಗೂ ಉದ್ದ. ಚುಕ್ಕೆ ಸರಿಯಾದ ಜಾಗದಲ್ಲೇ ಇದ್ದು ಬಾಗಿಲು ಮಾತ್ರ ಕಾಣುತ್ತಿಲ್ಲವೆಂದರೆ ಮೇಲೂ ಕೆಳಗೂ ನೋಡಿ.

ಜನರನ್ನು ಕೇಳಿ, ಸಂಕೋಚ ಬೇಡ. ಆದರೆ "ಇದೇ ದಾರಿ ಅಲ್ವಾ?" ಅಂತ ಕೇಳಬೇಡಿ, ಅರ್ಧ ಜನ ಹೌದು ಅಂದುಬಿಡುತ್ತಾರೆ. "ಇಂಥ ಜಾಗ ಯಾವ ಕಡೆ?" ಅಂತ ಕೇಳಿ ಅವರ ಕೈ ಎತ್ತ ಹೋಗುತ್ತದೆ ನೋಡಿ. ಅವಸರದಲ್ಲಿ ನಡೆಯುವವರಿಗಿಂತ ಅಲ್ಲೇ ನಿಂತು ಕೆಲಸ ಮಾಡುವವರು, ಪೇಪರ್ ಮಾರುವವರು, ಟ್ರಾಫಿಕ್ ಪೊಲೀಸರು, ಕಟ್ಟಡದ ಕಾವಲಿನವರು ಹೆಚ್ಚು ಖಚಿತವಾಗಿ ಹೇಳುತ್ತಾರೆ.

ಬಸ್ಸು

ಬಸ್ ಸ್ಟಾಪಿನಲ್ಲಿ ತಪ್ಪುವುದು ರಸ್ತೆಯ ಬದಿ. ಎರಡೂ ಬದಿಯ ಸ್ಟಾಪಿಗೆ ಹೆಸರು ಒಂದೇ ಇರುತ್ತದೆ, ಬಸ್ ನಂಬರೂ ಅದೇ, ದಿಕ್ಕು ಮಾತ್ರ ಉಲ್ಟಾ. ಭಾರತ, ಬ್ರಿಟನ್, ಜಪಾನ್‌ನಂತೆ ವಾಹನ ಎಡಕ್ಕೆ ಓಡುವ ದೇಶಗಳಲ್ಲಿ, ನೀವು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆ ಸ್ಟಾಪ್ ಇರಬೇಕು. ಬಲಕ್ಕೆ ಓಡುವ ದೇಶದಲ್ಲಿ ಬಲಗೈ ಕಡೆ. ಲಂಡನ್‌ನ ನಡುಭಾಗದ ಸ್ಟಾಪುಗಳ ಮೇಲೆ ಒಂದೊಂದು ಅಕ್ಷರ ಬರೆದಿರುತ್ತಾರೆ, ಅಂಥ ಅಕ್ಷರವಿದ್ದರೆ ಬದಿಯ ಗೊಂದಲವೇ ಬರುವುದಿಲ್ಲ. ಒನ್‌ವೇ ರಸ್ತೆಯಾದರೆ ವಾಪಸ್ ಬಸ್ ಎದುರು ಬದಿಯಲ್ಲಿ ಇರುವುದೇ ಇಲ್ಲ, ಪಕ್ಕದ ಸಮಾನಾಂತರ ಬೀದಿಯಲ್ಲಿ ಹುಡುಕಬೇಕು.

ಆ್ಯಪ್ ತೋರಿಸುವ ಸಮಯ ಎರಡು ಥರ. ವೇಳಾಪಟ್ಟಿಯಲ್ಲಿ ಬರೆದದ್ದು ಒಂದು, ಬಸ್ಸಿನೊಳಗಿನ ಸಾಧನ ಕಳಿಸುತ್ತಿರುವ ನಿಜವಾದ ಸಮಯ ಇನ್ನೊಂದು. ಗೂಗಲ್ ಮ್ಯಾಪ್ಸ್‌ನಲ್ಲಿ ಹಸಿರು, ಕೆಂಪು ಬಣ್ಣದಲ್ಲಿ ಬರುವುದು ಎರಡನೆಯದು. ಬಣ್ಣವಿಲ್ಲದಿದ್ದರೆ ಅದು ಬರೀ ಪಟ್ಟಿ, ಐದು ನಿಮಿಷ ಮೊದಲೇ ಹೋಗಿ ನಿಲ್ಲಿ. ಹತ್ತು ನಿಮಿಷಕ್ಕೊಂದು ಬರುವ ಬಸ್ಸಿಗೆ ಸಮಯ ನೋಡುವುದೇ ಬೇಡ. ಮುಖ್ಯರಸ್ತೆಯಲ್ಲಿ ನಾಲ್ಕೈದು ನಂಬರಿನ ಬಸ್ಸುಗಳು ಒಂದೇ ದಾರಿಯಲ್ಲಿ ಓಡುತ್ತಿದ್ದರೆ ಅವನ್ನೆಲ್ಲ ಬರೆದಿಟ್ಟುಕೊಳ್ಳಿ, ಯಾವುದು ಮೊದಲು ಬಂದರೂ ಹತ್ತಬಹುದು.

ಮೆಟ್ರೊ, ಮತ್ತು ಯಾವಾಗ ನಡೆಯುವುದೇ ವಾಸಿ

ಪ್ಲಾಟ್‌ಫಾರಂ ಆರಿಸಲು ದಿಕ್ಕಿನ ಹೆಸರಿಗಿಂತ ಕೊನೆಯ ನಿಲ್ದಾಣದ ಹೆಸರು ತಿಳಿದಿರಬೇಕು. ಒಂದೇ ಬಣ್ಣದ ಲೈನ್ ಮುಂದೆ ಎರಡು ಕವಲಾಗುವ ಊರುಗಳಿವೆ, ಅಲ್ಲಿ ರೈಲಿನ ಮುಂಭಾಗದ ಬೋರ್ಡನ್ನೂ ಓದಿಯೇ ಹತ್ತಿ. ನಿಲ್ದಾಣಕ್ಕೆ ಸಂಖ್ಯೆ ಇರುವ ಊರಿನಲ್ಲಿ ಭಾಷೆ ಬರದಿದ್ದರೂ ನಡೆಯುತ್ತದೆ. ಟೋಕಿಯೊ ಮೆಟ್ರೊದಲ್ಲಿ 2004ರಿಂದ ಹೀಗಿದೆ: ಗಿಂಜಾ ಲೈನಿನಲ್ಲಿ ಗಿಂಜಾ ನಿಲ್ದಾಣ ಜಿ09, ಅಸಾಕುಸಾ ಜಿ19. ಸಂಖ್ಯೆ ಏರುವ ಕಡೆಯ ರೈಲು ಹತ್ತಿ, ಹತ್ತು ನಿಲ್ದಾಣ ಎಣಿಸಿ, ಇಳಿಯಿರಿ.

ಮೆಟ್ರೊ ಮ್ಯಾಪಿನಲ್ಲಿ ದೂರ ಅಳೆಯಲು ಹೋಗಬೇಡಿ. 1933ರಲ್ಲಿ ಲಂಡನ್ ಅಂಡರ್‌ಗ್ರೌಂಡ್‌ಗಾಗಿ ಹ್ಯಾರಿ ಬೆಕ್ ಬಿಡಿಸಿದ ನಕ್ಷೆ ಬಂದ ಮೇಲೆ, ಗೆರೆಗಳನ್ನು ನೇರ ಮಾಡಿ ನಿಲ್ದಾಣಗಳ ಅಂತರವನ್ನು ಸಮ ಮಾಡಿ ತೋರಿಸುವ ರೂಢಿ ಜಗತ್ತಿನ ತುಂಬ ಹರಡಿತು. ಯಾವ ಲೈನಿಂದ ಯಾವ ಲೈನಿಗೆ ಬದಲಾಯಿಸಬೇಕು ಅಂತ ತಿಳಿಯಲು ಅದು ಬಹಳ ಚೆನ್ನ, ಆದರೆ ನಗರದ ನಡುಭಾಗ ಅದರಲ್ಲಿ ನಿಜಕ್ಕಿಂತ ಹಿಗ್ಗಿ ಕಾಣುತ್ತದೆ. ಅದೇ ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಸುಮಾರು 260 ಮೀಟರ್ ಅಷ್ಟೇ. ಕೆಳಗಿಳಿದು ರೈಲಿಗೆ ಕಾದು ಮೇಲೆ ಬರುವುದರೊಳಗೆ ನಡೆದೇ ತಲುಪಬಹುದು.

ಲೆಕ್ಕಕ್ಕೆ ನಿಮಿಷಕ್ಕೆ 80 ಮೀಟರ್ ಇಟ್ಟುಕೊಳ್ಳಿ. ಜಪಾನಿನಲ್ಲಿ ಮನೆ ಮಾರುವ ಜಾಹೀರಾತಿನಲ್ಲಿ ನಿಲ್ದಾಣಕ್ಕೆ ಎಷ್ಟು ನಿಮಿಷ ಅಂತ ಬರೆಯುವುದೂ ಇದೇ ಅಳತೆಯಲ್ಲಿ. ಮ್ಯಾನ್‌ಹಟನ್‌ನಲ್ಲಿ ಉತ್ತರ ದಕ್ಷಿಣವಾಗಿ ಇಪ್ಪತ್ತು ಬ್ಲಾಕ್ ನಡೆದರೆ ಸುಮಾರು 1.6 ಕಿಲೋಮೀಟರ್, ಅಂದರೆ ಬ್ಲಾಕಿಗೊಂದು ನಿಮಿಷ. ಜನಜಂಗುಳಿ, ಸಿಗ್ನಲ್ ಇದ್ದರೆ ಇದರ ಮೇಲೆ ಅರ್ಧದಷ್ಟು ಸೇರಿಸಿ. ಒಂದು ಕಿಲೋಮೀಟರ್ ಒಳಗಿನ ದೂರಕ್ಕೆ, ಅದರಲ್ಲೂ ನಡುವೆ ಒಂದು ಲೈನ್ ಬದಲಾಯಿಸಬೇಕಿದ್ದರೆ, ನಾನು ನಡೆಯಲು ಹೇಳುತ್ತೇನೆ. ನಡೆದ ಬೀದಿ ನೆನಪಿರುತ್ತದೆ, ಸುರಂಗದಲ್ಲಿ ಹೋದದ್ದು ಇರುವುದಿಲ್ಲ.

ವಾಪಸ್ ಬರುವ ಮುನ್ನ

ರಾತ್ರಿಯಾಗುವುದಾದರೆ ಕೊನೆಯ ರೈಲಿನ ಸಮಯವನ್ನು ನೀವು ಹತ್ತುವ ನಿಲ್ದಾಣಕ್ಕೆ ನೋಡಿ, ಲೈನ್ ಶುರುವಾಗುವ ನಿಲ್ದಾಣಕ್ಕಲ್ಲ. ನಡುವೆ ಲೈನ್ ಬದಲಾಯಿಸುವುದಿದ್ದರೆ ಎರಡನೆಯ ಲೈನಿನ ಕೊನೆಯ ರೈಲೇ ನಿಮ್ಮ ನಿಜವಾದ ಗಡುವು, ಬಹಳ ಜನ ಮರೆಯುವುದು ಇದನ್ನೇ. ಭಾನುವಾರ, ರಜಾದಿನದ ಪಟ್ಟಿ ಬೇರೆ ಇರುತ್ತದೆ. ಕೆಲವು ನಿಲ್ದಾಣಗಳಲ್ಲಿ ಹೊತ್ತಾದ ಮೇಲೆ ಸಣ್ಣ ಬಾಗಿಲುಗಳನ್ನು ಮುಚ್ಚಿ ಮುಖ್ಯ ಬಾಗಿಲನ್ನು ಮಾತ್ರ ತೆರೆದಿಡುತ್ತಾರೆ, ಆದ್ದರಿಂದ ಬೆಳಗ್ಗೆ ಬಂದ ಬಾಗಿಲಿನ ಪಕ್ಕದಲ್ಲಿ ಸಮಯದ ಬೋರ್ಡ್ ಇದೆಯಾ ಅಂತ ಹೊರಗೆ ಬರುವಾಗಲೇ ನೋಡಿ, ಇದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ.